ಎತ್ತಿಕೊಳ್ಳುವ ಅಂಗಿ

ಭಾನುವಾರ, ಜೂನ್ ೧೪

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀನೂ ಅಲ್ಲಿ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ ಅಂತ ಬರೆಯುವುದು ವಾಡಿಕೆ. ನೀನು ಚೆನ್ನಾಗಿಲ್ಲ ಎಂಬುದು ನನಗೆ ಗೊತ್ತಿರುವುದರಿಂದ ಆ ಸಾಲನ್ನು ಬಿಟ್ಟುಬಿಟ್ಟಿದ್ದೇನೆ.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಶಾಲೆ ಶುರುವಾಗುವ ಕಾಲ. ಅಂಗಡಿಯಲ್ಲಿ ಸಮವಸ್ತ್ರದ ಬಟ್ಟೆ ಸೊಂಟದೆತ್ತರ ಬಿದ್ದಿದೆ. ಬೆಳೆಯೋ ಹುಡುಗ, ಸ್ವಲ್ಪ ಸಡಿಲ ಇರಲಿ ಎನ್ನುವ ತಾಯಂದಿರು ಬೆಳಗಿನಿಂದ ನನ್ನ ತಲೆ ತಿನ್ನುತ್ತಾರೆ. ಆದರೆ ನಿಜ ಹೇಳಬೇಕೆಂದರೆ ತಡವಾದದ್ದು ಅದಕ್ಕಲ್ಲ. ಇದನ್ನು ಹಿಂದೆಯೇ ಎರಡು ಸಲ ಬರೆದು ಹರಿದುಹಾಕಿದ್ದೆ. ಒಂದರಲ್ಲಿ ಬೈಗುಳ ಜಾಸ್ತಿಯಾಗಿತ್ತು, ಇನ್ನೊಂದನ್ನು ಓದಿ ನನಗೇ ಅಳು ಬಂತು. ಇದರಲ್ಲಿ ಎರಡೂ ಹದವಾಗಿರಲಿ ಎಂದು ಹುಷಾರಾಗಿ ಬರೆಯುತ್ತಿದ್ದೇನೆ.

ಫೋನಿನಲ್ಲಿ ನಿನ್ನ ಜೊತೆ ಮಾತಾಡಿ ಪ್ರಯೋಜನವಿಲ್ಲ. ‘ಮಗು ಹೇಗಿದೆ ಮಾವ?’ ಎನ್ನುತ್ತೀಯ. ‘ಚೆನ್ನಾಗಿದೆ’ ಎನ್ನುತ್ತೇನೆ. ಮುಂದಿನ ಮಾತು ನನ್ನ ಬಾಯಿಗೆ ಬರುವಷ್ಟರಲ್ಲಿ ನೀನು ಇಟ್ಟಾಗಿರುತ್ತದೆ. ಕಾಗದವನ್ನು ಹಾಗೆ ಇಟ್ಟರೂ ಅದು ಎಲ್ಲಿಗೂ ಹೋಗುವುದಿಲ್ಲ, ಮೇಜಿನ ಮೇಲೆ ಕೂತು ನಿನ್ನನ್ನೇ ನೋಡುತ್ತಿರುತ್ತದೆ.

ಮೊದಲು ನಿನಗೆ ಬೇಕಾದ ಸುದ್ದಿ. ನಿನ್ನ ಮಗಳು ಗುಂಡಿ ಊಟ ಮಾಡುತ್ತಿದ್ದಾಳೆ. ಮೊನ್ನೆ ತನ್ನ ಮೊಟ್ಟೆ ತಿಂದು ಮುಗಿಸಿ, ಅಜ್ಜಿಯ ತಟ್ಟೆಯಲ್ಲಿದ್ದ ಮೊಟ್ಟೆಯ ಮೇಲೆ ಬೆರಳಿಟ್ಟು ‘ಇದು ಯಾರ್ದು?’ ಎಂದಳು. ನಿನ್ನ ಅತ್ತೆ ಇದನ್ನು ಬೀದಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸಲವೂ ವಾಂತಿಯಾಗಿಲ್ಲ. ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗುವುದು ನಿಂತಿದೆ. ಅವಳು ಹೋದಲ್ಲೆಲ್ಲ ಹಿಂದೆ ಹೋಗುತ್ತಿತ್ತಲ್ಲ ನೀಲಿ ಬೇಸಿನ್, ಹಾಸಿಗೆ ಪಕ್ಕ, ಊಟದ ಪಕ್ಕ, ನನ್ನ ಯಂತ್ರದ ಪಕ್ಕ, ಅದರಲ್ಲಿ ಈಗ ಗೊಂಬೆಗೆ ಸ್ನಾನ ಮಾಡಿಸುತ್ತಾಳೆ. ಕೆನ್ನೆ ಮತ್ತೆ ತುಂಬಿಕೊಳ್ಳುತ್ತಿದೆ. ಅವಳು ಹುಟ್ಟಿದಾಗ ಆ ದುಂಡು ಮುಖ ನೋಡಿ ಅಂಗಿಯ ಗುಂಡಿಯ ಹಾಗಿದೆ ಎಂದು ನಾನಿಟ್ಟ ಹೆಸರು ಮಧ್ಯದಲ್ಲಿ ಕೆಲವು ತಿಂಗಳು ಅವಳಿಗೆ ಒಪ್ಪುತ್ತಿರಲಿಲ್ಲ. ಈಗ ಪುನಃ ಒಪ್ಪುತ್ತಿದೆ.

ಇನ್ನೊಂದು ಸಂತೋಷದ ಸುದ್ದಿ. ನಿನ್ನ ಮಗಳು ದೊಡ್ಡವಳಾಗಿಬಿಟ್ಟಿದ್ದಾಳೆ ಕಣಯ್ಯ. ಎತ್ಕೋ ಎತ್ಕೋ ಎಂದು ಜೀವ ತಿನ್ನುತ್ತಿದ್ದವಳು ಈಗ ಯಾರನ್ನೂ ಕೇಳುವುದಿಲ್ಲ. ಮೆಟ್ಟಿಲನ್ನು ತಾನೇ ಗೋಡೆ ಹಿಡಿದು ಹತ್ತುತ್ತಾಳೆ. ಮಲಗುವಾಗಲೂ ಅಮ್ಮನಿಂದ ಮಾರು ದೂರ, ಹಾಸಿಗೆಯ ಅಂಚಿನಲ್ಲಿ. ಕೈ ತೊಳೆಯುವುದಂತೂ ಹೇಳುವುದೇ ಬೇಡ, ಆಪರೇಷನ್ನಿಗೆ ಹೊರಟ ಡಾಕ್ಟರ ಹಾಗೆ ಮೊಣಕೈ ತನಕ ಸೋಪು. ‘ನೋಡ್ರೀ, ಒಂದು ಕಾಯಿಲೆ ಮಗೂಗೆ ಎಷ್ಟು ಬುದ್ಧಿ ಕಲಿಸ್ತು’ ಎಂದು ನಿನ್ನ ಅತ್ತೆ ಹಿಗ್ಗುತ್ತಾಳೆ.

ಮನೆಯ ವಿಷಯ. ಡಾಕ್ಟರಮ್ಮ ಧೂಳನ್ನು ಗುಡಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಎಂದರಲ್ಲ, ಅವತ್ತಿನಿಂದ ಈ ಮನೆಯಲ್ಲಿ ಒಣಗಿದ ಜಾಗ ಅನ್ನುವುದೇ ಇಲ್ಲ. ನಿನ್ನ ಹೆಂಡತಿ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದವಳೇ ಸೆರಗು ಸಿಕ್ಕಿಸಿಕೊಂಡು ನೆಲ, ಕಿಟಕಿ, ಮಂಚದ ಕಾಲು ಒರೆಸುತ್ತಾಳೆ. ನಿನ್ನ ಅಂಗಿ ತೂಗುಹಾಕುತ್ತಿದ್ದ ಗೂಟವನ್ನೇ ಕಿತ್ತು ಬಿಸಾಡಿದ್ದಾಳೆ. ನಿನ್ನ ಅತ್ತೆಯಂತೂ ತೊಳೆಯಬೇಕಾದ್ದು, ತೊಳೆಯಬಾರದ್ದು ಎಂದು ನೋಡಲಿಲ್ಲ. ನನ್ನ ಅಳತೆ ಟೇಪನ್ನು ಬಿಸಿನೀರಲ್ಲಿ ಹಾಕಿ ಉಜ್ಜಿದ್ದಾಳೆ. ಅರ್ಧ ಅಂಕಿಗಳು ಅಳಿಸಿಹೋಗಿವೆ. ಈಗ ಗಿರಾಕಿಗಳ ಸೊಂಟ ನಾನು ಹೇಳಿದಷ್ಟು. ಕೆಲವರು ಬಹಳ ಖುಷಿಯಾಗಿದ್ದಾರೆ.

ನಿನ್ನ ಹೆಂಡತಿ ನಿನ್ನ ಮೇಲೆ ಕೋಪದಲ್ಲಿದ್ದಾಳೆ. ಕೋಪ ಯಾಕೆ ಅಂತ ತಪ್ಪು ತಿಳಿಯಬೇಡ. ಮಗುವಿಗೆ ಹೀಗಾಯಿತು ಎಂದಲ್ಲ. ‘ನನ್ನ ಒಂದು ಮಾತು ಕೇಳ್ದೆ ಬ್ಯಾಗ್ ತಗೊಂಡು ಹೋದ್ರಲ್ಲಪ್ಪ. ಅವರಾಗೇ ಹೋದ್ರು, ಅವರಾಗೇ ಬರ್ಲಿ’ ಎನ್ನುತ್ತಾಳೆ. ನಾನು ಕಾಗದ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಗೊತ್ತಾದರೆ ಗಂಟುಮುಖ ಹಾಕಿಕೊಳ್ಳುತ್ತಾಳೆ, ಆಮೇಲೆ ಸುಮ್ಮನೆ ಬಂದು ‘ಏನ್ ಬರೆದ್ರಿ?’ ಎಂದು ಕೇಳುತ್ತಾಳೆ. ಅವಳು ನನ್ನ ಮಗಳು, ನನಗೆ ಗೊತ್ತಿಲ್ಲವೇ.

ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಿದ್ದೆ. ಭಾನುವಾರವೂ ಬಾಗಿಲು ಬಡಿಯುವ ಗಿರಾಕಿ ಒಬ್ಬನಿದ್ದಾನೆ, ಗಡಿಯಾರ ರಿಪೇರಿಯವ. ಪ್ಯಾಂಟು ಬಿಗಿಯಾಗಿದೆಯಂತೆ. ಹೊಟ್ಟೆ ಬಂದಿದೆ ಮಾರಾಯ ಎಂದರೆ ಒಪ್ಪುವುದಿಲ್ಲ, ಬಟ್ಟೆ ಕುಗ್ಗಿದೆ ಎನ್ನುತ್ತಾನೆ. ಆಗಲಿ ಎಂದು ಬಟ್ಟೆಯನ್ನೇ ಬೈದು ಕಳಿಸಿದೆ. ಮನುಷ್ಯರು ತಮ್ಮ ಮೈಯನ್ನು ಬಿಟ್ಟು ಬೇರೆ ಎಲ್ಲವನ್ನೂ ದೂರುತ್ತಾರೆ. ನೀನು ಮಾತ್ರ ಉಲ್ಟಾ, ಬಟ್ಟೆಯನ್ನು ದೂರುವುದು ಬಿಟ್ಟು ನಿನ್ನ ಮೈಯನ್ನೇ ದೂರಿಕೊಂಡು ಕೂತಿದ್ದೀಯ. ನಾನು ಇವತ್ತು ಬರೆಯಬೇಕೆಂದುಕೊಂಡದ್ದು ಇದನ್ನೇ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಸಹಿಸಿಕೊ. ನನ್ನದು ದರ್ಜಿಯ ಬುದ್ಧಿ, ಸರಿ ಮಾಡುವ ಮೊದಲು ಹಳೆಯ ಹೊಲಿಗೆ ಬಿಚ್ಚಿ ನೋಡಲೇಬೇಕು.

ಆ ಹೊಟ್ಟೆನೋವು ಶುರುವಾದಾಗ ಊರಿನವರೆಲ್ಲ ಡಾಕ್ಟರಾದರು. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಡಿಯನ್ನು ಎದೆಗೆ ಎಳೆದುಕೊಂಡು ಬಿಳಿಚಿಕೊಳ್ಳುವುದು, ತಿಂದದ್ದೆಲ್ಲ ಕಕ್ಕುವುದು, ಆಮೇಲೆ ಸುಸ್ತಾಗಿ ಬೀಳುವುದು. ಔಷಧಿ ಅಂಗಡಿಯವನು ಹುಳ ಎಂದ, ಹುಳಕ್ಕೆ ಔಷಧ ಕೊಟ್ಟೆವು. ಎದುರುಮನೆಯ ಟೀಚರು ನೀರು ಸರಿಯಿಲ್ಲ ಎಂದರು, ಕಾಯಿಸಿ ಆರಿಸಿ ಕೊಟ್ಟೆವು. ನಿನ್ನ ಅತ್ತೆ ಬೇಕರಿಯ ಬಿಸ್ಕತ್ತಿನ ಮೇಲೆ ಗುಮಾನಿಪಟ್ಟು ಬೇಕರಿಯವನ ಜೊತೆ ಮಾತು ಬಿಟ್ಟಳು. ಪಾಪ, ಯಾಕೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಗುಂಡಿಗೆ ಸಮಾಧಾನವಾಗುತ್ತಿದ್ದುದು ಒಂದೇ ಕಡೆ, ನಿನ್ನ ಎದೆಯ ಮೇಲೆ. ಸಾಯಂಕಾಲ ನೀನು ವರ್ಕ್‌ಶಾಪಿನಿಂದ ಬಂದು ಚಪ್ಪಲಿ ಬಿಡುವಷ್ಟು ಪುರುಸೊತ್ತು ಕೊಡದೆ ನಾವೇ ಅವಳನ್ನು ನಿನ್ನ ಕೈಗೆ ಹಾಕುತ್ತಿದ್ದೆವು. ‘ತಡಿ, ಕೈ ತೊಳ್ಕೊಂಡು ಬರ್ತೀನಿ’ ಎಂದು ನೀನು ಎಷ್ಟೋ ಸಲ ಹೇಳಿದ್ದೀಯ. ‘ಆಮೇಲೆ ತೊಳ್ಕೊ, ಮಗು ಒದ್ದಾಡ್ತಿದೆ’ ಎಂದವರು ನಾವು. ನೀನು ಅವಳನ್ನು ಅವುಚಿಕೊಂಡು ಅಂಗಡಿಯ ಬಾಗಿಲಿನಿಂದ ಹಿತ್ತಲಿನ ತನಕ ಅತ್ತಿಂದಿತ್ತ ನಡೆಯುತ್ತಿದ್ದೆ. ಅವಳು ನಿನ್ನ ಕಾಲರಿನ ತುದಿಯನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಾ ನಿದ್ದೆಹೋಗುತ್ತಿದ್ದಳು. ನೀನು ಬರುವುದು ತಡವಾದರೆ ಹಿಂದಿನ ದಿನ ಬಿಚ್ಚಿಟ್ಟ ನಿನ್ನ ಅಂಗಿಯನ್ನೇ ಗೂಟದಿಂದ ತೆಗೆದು ಕೊಡುತ್ತಿದ್ದೆವು. ಅದನ್ನು ಮುಖಕ್ಕೆ ಒತ್ತಿಕೊಂಡು ಸುಮ್ಮನಾಗುತ್ತಿದ್ದಳು. ಅಪ್ಪನ ವಾಸನೆಯಲ್ಲಿ ಎಂಥಾ ಔಷಧ ಇದೆ ನೋಡಿ ಎಂದು ನಾವು ಮೆಚ್ಚಿಕೊಂಡೆವು. ಆ ಅಂಗಿಯ ಮಡಿಕೆಯಲ್ಲಿ ಬೂದು ಪುಡಿ ಇದ್ದದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ದುಡಿಯುವವನ ಅಂಗಿ, ಕೊಳೆ ಇರದೆ ಇನ್ನೇನು ಎಂದುಕೊಂಡೆವು. ತಪ್ಪನ್ನು ಹಂಚಲು ಕೂತರೆ, ಅಳಿಯಾ, ಸಾಲು ಉದ್ದವಿದೆ. ಅದರಲ್ಲಿ ನೀನು ಎಲ್ಲರಿಗಿಂತ ಹಿಂದೆ ನಿಲ್ಲಬೇಕು.

ಆಮೇಲೆ ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದೆವು. ನಾನೂ ಆ ಕೋಣೆಯಲ್ಲಿದ್ದೆ, ಮರೆಯಬೇಡ. ಅವರು ಮಗುವಿನ ಹೊಟ್ಟೆ ಒತ್ತಿ ನೋಡುತ್ತಿದ್ದವರು ಮಂಚದ ಕಂಬಿ ಹಿಡಿದಿದ್ದ ನಿನ್ನ ಕೈ ನೋಡಿದರು. ಉಗುರಿನ ಸಂದಿ ನೋಡಿದರು.

‘ಏನ್ ಕೆಲ್ಸ ಮಾಡ್ತೀರಿ?’

‘ಬ್ಯಾಟರಿ ರಿಪೇರಿ ಮೇಡಂ. ಹಳೇದನ್ನ ಒಡೆದು, ಸೀಸ ಕರಗಿಸಿ, ಮತ್ತೆ ಪ್ಲೇಟು ಮಾಡ್ತೀವಿ.’

‘ಸ್ನಾನ ಅಲ್ಲೇ ಮಾಡ್ತೀರೋ, ಮನೆಗೆ ಬಂದೋ?’

‘ಮನೇಲೇ. ಇವಳು ಬಿಟ್ರೆ’ ಎಂದು ನೀನು ನಕ್ಕೆ.

ಅವರು ನಗಲಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಿಪೋರ್ಟು ಬಂದ ದಿನ ಅವರು ಹೇಳಿದ ಮಾತನ್ನು ನೀನು ಅರ್ಧ ಕೇಳಿಸಿಕೊಂಡೆ. ‘ಇದು ಸೀಸ. ನಿಮ್ಮ ಬಟ್ಟೇಲಿ, ಕೂದಲಲ್ಲಿ, ಉಗುರಲ್ಲಿ ಧೂಳು ಮನೆಗೆ ಬರುತ್ತೆ. ಮಗು ಬಾಯಿಗೆ ಹೋಗುತ್ತೆ. ಹೊಟ್ಟೆನೋವು, ವಾಂತಿ ಎಲ್ಲಾ ಅದರಿಂದಲೇ’ ಎನ್ನುವ ತನಕ ಕೇಳಿಸಿಕೊಂಡೆ. ಅಷ್ಟರಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದೆ. ಬಾಗಿಲು ಹಾಕಿಕೊಂಡ ಮೇಲೆ ಅವರು ಮಾತು ಮುಗಿಸಿದರು. ‘ಬಟ್ಟೆ ಅಲ್ಲೇ ಬಿಟ್ಟು, ತಲೆಗೆ ಮೈಗೆ ಸ್ನಾನ ಮಾಡಿ ಬರ್ಲಿ. ಆಮೇಲೆ ಎಷ್ಟು ಬೇಕಾದ್ರೂ ಎತ್ಕೊಳ್ಳಲಿ.’ ಈ ಎರಡನೆಯ ಅರ್ಧವನ್ನು ನಿನಗೆ ತಲುಪಿಸಲು ನಾನು ಮಾಡದ ಪ್ರಯತ್ನವಿಲ್ಲ. ನೀನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಅವಳಿಗೆ ಔಷಧ ಕೊಡುವಷ್ಟು ದಿನವೂ ಗಾಜಿನ ಆಚೆ ನಿಂತೆ. ಅವಳು ಮನೆಗೆ ಬಂದ ದಿನ ನೀನು ಮನೆ ಬಿಟ್ಟು ವರ್ಕ್‌ಶಾಪಿನ ಹತ್ತಿರದ ಕೋಣೆ ಸೇರಿದೆ.

ಹೋಗುವಾಗ ಮಗು ಎಲ್ಲಿಗೆ ಎಂದು ಕೇಳಿತಂತೆ. ‘ಅಪ್ಪಂಗೂ ಹೊಟ್ಟೆನೋವು ಬಂದಿದೆ ಪುಟ್ಟಾ, ವಾಸಿ ಮಾಡ್ಕೊಂಡು ಬರ್ತೀನಿ’ ಎಂದೆಯಂತೆ. ನಿನಗೆ ಇನ್ನೇನೂ ಹೊಳೆದಿರಲಿಕ್ಕಿಲ್ಲ. ಅದು ಪೂರ್ತಿ ಸುಳ್ಳೂ ಅಲ್ಲ. ಮದುವೆಯಾದ ಹೊಸದರಿಂದಲೂ ಊಟವಾದ ಮೇಲೆ ನೀನು ಹೊಟ್ಟೆ ಹಿಡಿದುಕೊಳ್ಳುತ್ತೀಯ. ಅತ್ತೆಯ ಅಡುಗೆಯ ಮಹಿಮೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಡಾಕ್ಟರಮ್ಮನಿಗೆ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ನಿನ್ನ ರಕ್ತವನ್ನೂ ನೋಡಬೇಕಂತೆ. ಇದನ್ನು ನಾನು ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ಹೋದ ವಾರ ಗುಂಡಿಯನ್ನು ಮತ್ತೆ ತೋರಿಸಿಕೊಂಡು ಬಂದೆವು. ರಕ್ತದಲ್ಲಿ ಸೀಸ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಇನ್ನೂ ಇಳಿಯಬೇಕು, ಇಳಿಯುತ್ತದೆ ಎಂದರು. ಹಾಲು, ಮೊಟ್ಟೆ, ಸೊಪ್ಪು ಕೊಡಿ, ಹೊಟ್ಟೆ ಖಾಲಿ ಬಿಡಬೇಡಿ ಎಂದರು. ಆಮೇಲೆ ಸುತ್ತ ನೋಡಿ, ‘ಇವಳಪ್ಪ ಎಲ್ಲಿ?’ ಎಂದರು. ನೀನು ಮನೆ ಬಿಟ್ಟದ್ದನ್ನು ನಾನು ಹೇಳಿದೆ. ಆ ಹೆಂಗಸಿಗೆ ಎಂಥಾ ಸಿಟ್ಟು ಬಂತು ಅಂತೀಯ! ‘ಸೀಸ ಹೊರಗೆ ಹಾಕಿ ಅಂದೆ. ಮನುಷ್ಯನ್ನ ಹಾಕಿ ಅಂದ್ನಾ?’ ಎಂದು ನನಗೇ ಬೈದರು. ನಾನು ಶಾಲೆಯಲ್ಲಿ ಹೋಂವರ್ಕ್ ಮಾಡದ ಹುಡುಗನ ಹಾಗೆ ನಿಂತಿದ್ದೆ. ಬೈಸಿಕೊಂಡದ್ದು ನಾನು, ಬೈಗುಳ ನಿನ್ನದು. ಇದರ ಜೊತೆ ಕಳಿಸುತ್ತಿದ್ದೇನೆ.

ಮೊನ್ನೆ ನಿನ್ನ ವರ್ಕ್‌ಶಾಪಿಗೆ ಹೋಗಿದ್ದೆ. ನಿನಗೆ ರಜೆಯಿದ್ದ ದಿನ ನೋಡಿಕೊಂಡೇ ಹೋದೆ. ನಿನ್ನ ಸಾಹುಕಾರ ಹೊಟ್ಟೆಯ ಮೇಲೆ ಗುಂಡಿ ಕಿತ್ತುಬರುವ ಅಂಗಿ ಹಾಕಿಕೊಂಡು ಕೂತಿದ್ದ. ‘ನಮ್ಮಪ್ಪನೂ ಇದೇ ಕೆಲ್ಸ ಮಾಡಿದ್ದು ಸ್ವಾಮಿ, ನಾವೆಲ್ಲಾ ಗುಂಡುಕಲ್ಲಿನ ಹಾಗಿಲ್ವಾ?’ ಎಂದ. ಸ್ನಾನದ ಮನೆ ಇದೆಯೇ ಎಂದು ಕೇಳಿದೆ. ಇದೆಯಂತೆ. ಎಲ್ಲಿ ಎಂದರೆ ತೋರಿಸಿದ. ಸೂರಿನ ತನಕ ಹಳೆ ಬ್ಯಾಟರಿ ಪೆಟ್ಟಿಗೆ. ನಲ್ಲಿ ಎಲ್ಲಿದೆ ಎಂದು ಅವನಿಗೇ ನೆನಪಿರಲಿಲ್ಲ. ನಿನ್ನ ಜೊತೆಗಾರ ಉದ್ದಣ್ಣ ಬಂದು ಒಂದೊಂದೇ ಪೆಟ್ಟಿಗೆ ಹೊರಗೆ ಇಟ್ಟ. ಉಳಿದವರೂ ಸೇರಿಕೊಂಡರು. ಸಾಹುಕಾರ ಬೇಡ ಅನ್ನಲೂ ಆಗದೆ, ಹೂಂ ಅನ್ನಲೂ ಆಗದೆ ನೋಡುತ್ತಿದ್ದ. ಕೊನೆಗೆ ನಲ್ಲಿ ಸಿಕ್ಕಿತು, ನೀರೂ ಬಂತು. ನಾನು ಹೊರಡುವಾಗ ಉದ್ದಣ್ಣ ಬೀದಿಯ ತಿರುವಿನ ತನಕ ಬಂದು, ‘ಯಜಮಾನ್ರೇ, ನಮ್ಮ ಚಿಕ್ಕವನೂ ಸಾಯಂಕಾಲ ಹೊಟ್ಟೆ ಹಿಡ್ಕೊಂಡು ಅಳ್ತಾನೆ. ಅದೂ ಇದೇ ಇರಬೋದಾ?’ ಎಂದ. ಅಷ್ಟು ದೊಡ್ಡ ಆಳು, ಕೇಳುವಾಗ ನನ್ನ ತೋಳು ಹಿಡಿದುಕೊಂಡಿದ್ದ. ನಾಳೆಯೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗು ಎಂದೆ. ಮಾರನೆಯ ದಿನ ಸ್ನಾನದ ಮನೆ ನೋಡಿ ಇದು ಯಾರು ಮಾಡಿದ್ದು ಎಂದು ನೀನು ಕೇಳಿದೆಯಂತೆ. ಹೇಳಬಾರದೆಂದು ಅವನ ಬಾಯಿಗೆ ನಾನೇ ಬೀಗ ಹಾಕಿದ್ದೆ.

ಅವನು ನಿನ್ನ ಬಗ್ಗೆ ಹೇಳಿದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನೀನು ಊಟಕ್ಕೆ ಕೂತಾಗಲೂ ಕೈಗವಸು ಬಿಚ್ಚುವುದಿಲ್ಲವಂತೆ. ಸೀಮೆಎಣ್ಣೆ ಹಾಕಿ ಕೈ ಉಜ್ಜಿ ಉಜ್ಜಿ ಚರ್ಮ ಕಿತ್ತುಬಂದಿದೆಯಂತೆ. ಅಳಿಯಾ, ನಿನ್ನ ಕೈಯಲ್ಲಿ ವಿಷವಿಲ್ಲ. ಕೈಯ ಮೇಲೆ ಧೂಳಿತ್ತು, ಅಷ್ಟೇ. ನಲವತ್ತು ವರ್ಷ ಬಟ್ಟೆ ಹೊಲಿದವನು ಹೇಳುತ್ತಿದ್ದೇನೆ, ಮೈ ಬೇರೆ, ಮೇಲೆ ಹಾಕಿಕೊಂಡದ್ದು ಬೇರೆ.

ನೀನು ಬೀದಿಯಾಚೆ ಬೇಕರಿಯ ಪಕ್ಕ ಬಂದು ನಿಲ್ಲುವುದು ನನಗೆ ಗೊತ್ತು. ನನ್ನ ಯಂತ್ರ ಕಿಟಕಿಗೆ ಎದುರಾಗಿದೆ, ನನಗೆ ಕಾಣದ್ದು ಏನಿದೆ ಈ ಬೀದಿಯಲ್ಲಿ? ಒಂದು ದಿನ ಗುಂಡಿ ಹೊರಗೆ ಓಡಿ ಬಂದಾಗ ನೀನು ಎರಡೂ ಕೈ ಮುಂದೆ ಚಾಚಿ, ಅಂಗೈ ತೋರಿಸಿ, ಬೇಡ ಬೇಡ ಎನ್ನುವ ಹಾಗೆ ಹಿಂದೆ ಹಿಂದೆ ಸರಿದೆ. ಪುಣ್ಯಕ್ಕೆ ಮಧ್ಯೆ ಲಾರಿ ಬಂತು, ನಿನ್ನ ಅತ್ತೆ ಮಗುವನ್ನು ಒಳಗೆ ಎಳೆದುಕೊಂಡಳು. ನೀನು ಸರಿದದ್ದನ್ನು ಗುಂಡಿ ನೋಡಲಿಲ್ಲ. ಆ ಒಂದು ಸಮಾಧಾನ ನಮಗಿದೆ.

ಈ ಪೊಟ್ಟಣದಲ್ಲಿ ಕೆಲಸಕ್ಕೆ ಎರಡು ಜೊತೆ ಬಟ್ಟೆ ಇವೆ. ಜೇಬಿಲ್ಲ, ಕಾಲರಿಲ್ಲ, ತೋಳಿನಲ್ಲಿ ಮಡಿಕೆಯಿಲ್ಲ, ಪುಡಿ ಕೂರುವುದಕ್ಕೆ ಎಲ್ಲೂ ಜಾಗ ಬಿಟ್ಟಿಲ್ಲ. ನೋಡಲು ಚೆನ್ನಾಗಿಲ್ಲ ಎಂದು ನನಗೂ ಗೊತ್ತು, ನನ್ನ ಹೆಸರು ಹೇಳಬೇಡ. ಅವು ಅಲ್ಲೇ ಇರಬೇಕು, ಅಲ್ಲೇ ಒಗೆಯಬೇಕು, ಮನೆಯ ಹೊಸಿಲು ದಾಟಬಾರದು. ಉದ್ದಣ್ಣನಿಗೂ ಒಂದು ಜೊತೆ ಹೊಲಿಯುತ್ತಿದ್ದೇನೆ. ಅವನಿಗೆ ಬಟ್ಟೆ ಎಷ್ಟಿದ್ದರೂ ಸಾಲುವುದಿಲ್ಲ.

ಇನ್ನೊಂದು ಅಂಗಿ ಹೊಲಿದಿದ್ದೇನೆ, ಅದನ್ನು ಕಳಿಸಿಲ್ಲ. ಬಿಳಿಯದು, ತೆಳ್ಳಗಿನ ಹತ್ತಿಯದು. ಅದನ್ನು ಬಚ್ಚಲುಮನೆಯ ಬಾಗಿಲ ಹಿಂದೆ ತೂಗುಹಾಕಿದ್ದೇನೆ. ಹಿತ್ತಲ ಬಾಗಿಲಿನಿಂದ ಬಂದರೆ ನೇರ ಅಲ್ಲಿಗೇ ಹೋಗಬಹುದು, ಮನೆಯೊಳಗೆ ಕಾಲಿಡುವುದೂ ಬೇಡ. ಇದೇನು ಅಂಗಿ, ಗುಂಡಿ ಇಲ್ಲ, ಕಾಜಾ ಇಲ್ಲ ಎಂದು ನಿನ್ನ ಅತ್ತೆ ಕೇಳಿದಳು. ‘ಇದು ಎತ್ಕೊಳ್ಳೋ ಅಂಗಿ. ಮಗು ಕೆನ್ನೆಗೆ ಒತ್ತಬಾರ್ದು ಅಂತ ಗುಂಡಿ ಹಚ್ಚಿಲ್ಲ’ ಎಂದೆ. ಅವಳು ಆ ಕಡೆ ತಿರುಗಿಕೊಂಡು ಬಹಳ ಹೊತ್ತು ಪಾತ್ರೆ ತೊಳೆದಳು.

ನಿನ್ನನ್ನು ಅವಸರಪಡಿಸುವುದಿಲ್ಲ. ಹೆದರಿಕೆ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ನಿನಗೆ ಯಾವಾಗ ಧೈರ್ಯ ಬರುತ್ತದೋ ಆಗ ಬಾ. ಮನೆಅಳಿಯ ಎಂದು ಬೀದಿಯವರು ಆಡಿಕೊಂಡಾಗ ‘ಹೌದು, ಮಾವ ಪುಕ್ಕಟೆ ಅಂಗಿ ಹೊಲಿದು ಕೊಡ್ತಾರೆ’ ಎಂದು ನಕ್ಕವನು ನೀನು. ಆ ನಗು ಕೇಳದೆ ಅಂಗಡಿ ಬಿಕೋ ಎನ್ನುತ್ತಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೈಗವಸು ಬಿಚ್ಚಿ ಮಾಡು. ಆ ಸೀಮೆಎಣ್ಣೆ ಬಿಡು, ಸೋಪು ಸಾಕು. ನಿನ್ನ ಆರೋಗ್ಯ ಸರಿಯಾಗಲಿ, ನಿನ್ನ ಮನಸ್ಸಿನ ಭಾರ ಇಳಿಯಲಿ, ಮಗಳ ಮದುವೆಗೆ ನನ್ನಿಂದಲೇ ಕೋಟು ಹೊಲಿಸಿಕೊಳ್ಳುವಷ್ಟು ವರ್ಷ ನಾವಿಬ್ಬರೂ ಬದುಕಿರೋಣ.

ಇಂತಿ ನಿನ್ನ ಒಳಿತನ್ನೇ ಬಯಸುವ
ಮಾವ

ವಿ.ಸೂ.: ನಾಳೆ ಬೆಳಗ್ಗೆ ಉದ್ದಣ್ಣನ ಕೈಯಲ್ಲಿ ಕಳಿಸಲು ಪೊಟ್ಟಣ ಕಟ್ಟಿ ದಾರ ಸುತ್ತಿದ್ದೆ. ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸರಿಯಾಗಿ ಬರುತ್ತಿಲ್ಲ, ಕಷ್ಟಪಟ್ಟು ಓದಿಕೊ.

ನಿನ್ನ ಅಂಗಿ ಹೊಲಿದು ಬಿಳಿ ಬಟ್ಟೆ ಮಿಕ್ಕಿತ್ತು. ಗುಂಡಿಗೆ ಅದರಲ್ಲೇ ಒಂದು ಫ್ರಾಕು ಮಾಡೋಣ, ಅಪ್ಪನಿಗೂ ಮಗಳಿಗೂ ಒಂದೇ ಬಟ್ಟೆಯಾಗಲಿ ಎಂದು ಈಗ ಸಾಯಂಕಾಲ ಅವಳನ್ನು ಅಳತೆಗೆ ಕರೆದೆ. ‘ಬಾಮ್ಮಾ, ಕೈ ಎತ್ತು’ ಎಂದು ಟೇಪು ಹಿಡಿದು ಬಗ್ಗಿದೆ. ಅವಳು ಎರಡೂ ಕೈ ಮುಂದೆ ಚಾಚಿ, ಅಂಗೈ ತೋರಿಸಿ, ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ಥೇಟ್ ಬೇಕರಿಯ ಪಕ್ಕ ನೀನು ನಿಂತ ಹಾಗೆಯೇ.  ಆ ಲಾರಿ ಏನನ್ನೂ ಮುಚ್ಚಿರಲಿಲ್ಲ. ಅವಳು ಎಲ್ಲವನ್ನೂ ನೋಡಿದ್ದಾಳೆ.

‘ಮುಟ್ಬೇಡ ತಾತ’ ಎಂದಳು.

‘ಯಾಕಮ್ಮಾ?’

‘ನನ್ನೊಳಗೆ ಸೀಸ ಇದೆ. ನಿಂಗೂ ಹೊಟ್ಟೆನೋವು ಬರುತ್ತೆ.’

‘ಯಾರು ಹೇಳಿದ್ರು ಹಾಗಂತ?’

‘ಅಪ್ಪಂಗೆ ಬಂತಲ್ಲ. ನಾನು ಅಪ್ಪನ ಮೇಲೆ ಮಲ್ಕೋತಿದ್ದೆ. ಅದಕ್ಕೇ ಬಂತು.’

ಎತ್ತಿಕೋ ಎಂದು ಕೇಳದೆ ಇರುವುದು, ಅಮ್ಮನಿಂದ ಮಾರು ದೂರ ಮಲಗುವುದು, ಮೊಣಕೈ ತನಕ ಸೋಪು ಹಚ್ಚುವುದು. ಬುದ್ಧಿ ಬಂದಿದೆ ಎಂದು ನಾವು ಹಿಗ್ಗುತ್ತಿದ್ದೆವು. ಅವಳು ನಮ್ಮನ್ನು ತನ್ನಿಂದ ಕಾಪಾಡುತ್ತಿದ್ದಳು.

ಟೇಪನ್ನು ನೆಲದ ಮೇಲೆ ಇಡು ಎಂದಳು. ಇಟ್ಟೆ. ತಾನೇ ಎತ್ತಿಕೊಂಡು ಎದೆಗೆ ಸುತ್ತಿ ಹಿಡಿದು, ‘ನೀನು ಅಲ್ಲಿಂದಲೇ ಓದು ತಾತ’ ಎಂದಳು. ಅಂಕಿ ಅಳಿಸದೆ ಇದ್ದಿದ್ದರೂ ನನಗೆ ಏನೂ ಕಾಣುತ್ತಿರಲಿಲ್ಲ. ಹೋಗಿ ಎತ್ತಿಕೊಂಡುಬಿಟ್ಟೆ. ಹಲಗೆಯ ಹಾಗೆ ಮೈ ಬಿಗಿಹಿಡಿದಿದ್ದಳು. ‘ನೋಯ್ತಿದೆಯಾ ತಾತ? ಈಗ ನೋಯ್ತಿದೆಯಾ?’ ಎಂದು ಕೇಳುತ್ತಲೇ ಇದ್ದಳು. ಇಲ್ಲಮ್ಮಾ, ನಿನ್ನಿಂದ ಯಾರಿಗೂ ಏನೂ ಆಗಲಿಲ್ಲ ಎಂದು ನಾನು ಹೇಳಿದೆ, ಅವಳಮ್ಮ ಓಡಿಬಂದು ಹೇಳಿದಳು, ಅಜ್ಜಿ ಅಳುತ್ತಾ ಹೇಳಿದಳು. ಅವಳು ಯಾರನ್ನೂ ನಂಬಲಿಲ್ಲ. ಹಾಗಾದ್ರೆ ಅಪ್ಪ ಯಾಕೆ ಬರಲ್ಲ ಎಂದಳು. 

ಧೈರ್ಯ ಬಂದಾಗ ಬಾ ಎಂದು ಮೇಲೆ ಬರೆದಿದ್ದೇನೆ, ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಹೆದರಿಕೆ ಇದ್ದರೆ ಇರಲಿ, ಅದನ್ನೂ ಕಟ್ಟಿಕೊಂಡು ನಾಳೆ ಸೋಮವಾರವೇ ಬಾ. ನಿನ್ನ ಹೆಂಡತಿ ಈಗಲೇ ಹಂಡೆ ತಿಕ್ಕುತ್ತಿದ್ದಾಳೆ, ಸಾಯಂಕಾಲಕ್ಕೆ ನೀರು ಕಾದಿರುತ್ತದೆ. ಹಿತ್ತಲ ಬಾಗಿಲು ತೆಗೆದಿರುತ್ತದೆ. ತಲೆಗೆ, ಮೈಗೆ ಚೆನ್ನಾಗಿ ಸ್ನಾನ ಮಾಡಿ, ಆ ಬಿಳಿ ಅಂಗಿ ಹಾಕಿಕೊಂಡು ಬಂದು ಅವಳನ್ನು ಎತ್ತಿಕೊ. ಅವಳು ಕೈ ಚಾಚಿ ಬೇಡ ಎನ್ನುತ್ತಾಳೆ, ಹಿಂದೆ ಸರಿಯುತ್ತಾಳೆ. ನೀನು ಸರಿಯಬೇಡ.